ಹರಿದ ಒಪ್ಪಂದಗಳ ದ್ವೀಪ

(ಶ್ರೀಲಂಕಾದ ಸಿಂಹಳ ಬಹುಸಂಖ್ಯಾತರು ಮತ್ತು ತಮಿಳು ಅಲ್ಪಸಂಖ್ಯಾತರ ಸಂಬಂಧವನ್ನು ಕುರಿತ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

1915ರಲ್ಲಿ ಸಿಲೋನಿನ, ಎಂದರೆ ಇಂದಿನ ಶ್ರೀಲಂಕಾದ, ಸಿಂಹಳೀಯರಿಗೂ ಮುಸ್ಲಿಮರಿಗೂ ನಡುವೆ ಗಲಭೆ ಹೊತ್ತಿಕೊಂಡಿತು. ಬ್ರಿಟಿಷ್ ಸರ್ಕಾರ ಸೇನಾ ಕಾನೂನು ಹೇರಿ, ಹಲವರನ್ನು ಗುಂಡಿಟ್ಟು ಕೊಂದು, ಸಿಂಹಳ ಬೌದ್ಧ ಮುಖಂಡರನ್ನು ಜೈಲಿಗೆ ತಳ್ಳಿತು. ಮುಂದೆ ಸ್ವತಂತ್ರ ಸಿಲೋನಿನ ಮೊದಲ ಪ್ರಧಾನಿಯಾದ ಡಿ. ಎಸ್. ಸೇನಾನಾಯಕೆ ಕೂಡ ಆ ಬಂಧಿತರಲ್ಲಿ ಒಬ್ಬರು. ಅವರೆಲ್ಲರ ಪರವಾಗಿ ದನಿ ಎತ್ತಿದವರು ಪೊನ್ನಂಬಲಂ ರಾಮನಾಥನ್ ಎಂಬ ಶೈವ ತಮಿಳರು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗಲೇ, ಸಮುದ್ರಯಾನ ಜೀವಕ್ಕೆ ಅಪಾಯವೆಂದು ಗೊತ್ತಿದ್ದೂ, ಅವರು ಹಡಗು ಹತ್ತಿ ಲಂಡನ್ನಿಗೆ ಹೋಗಿ ಸಿಂಹಳೀಯರಿಗಾದ ಅನ್ಯಾಯವನ್ನು ಬ್ರಿಟಿಷ್ ಸರ್ಕಾರದ ಮುಂದಿಟ್ಟರು. ಅವರು ಹಿಂದಿರುಗಿದ ದಿನ ಕೊಲಂಬೊದಲ್ಲಿ ಸಿಂಹಳ ಮುಖಂಡರು ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ಅವರನ್ನು ಬೀದಿಯಲ್ಲಿ ಎಳೆದೊಯ್ದರು.

ಇದಾದ ನಾಲ್ಕೇ ವರ್ಷಕ್ಕೆ, 1919ರಲ್ಲಿ, ಸಿಲೋನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದದ್ದು ರಾಮನಾಥನ್ ಅವರ ತಮ್ಮ ಪೊನ್ನಂಬಲಂ ಅರುಣಾಚಲಂ.

ಸಿಂಹಳ–ತಮಿಳು ಹಗೆ ಎರಡು ಸಾವಿರ ವರ್ಷ ಹಳೆಯದು ಎಂಬ ಮಾತು ಪತ್ರಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದಕ್ಕೆ ಆಧಾರವಾಗಿ 'ಮಹಾವಂಶ' ಎಂಬ ಪ್ರಾಚೀನ ಬೌದ್ಧ ಗ್ರಂಥದಲ್ಲಿ ಬರುವ ಸಿಂಹಳ ರಾಜ ದುಟ್ಟಗಾಮಣಿ ಮತ್ತು ತಮಿಳು ರಾಜ ಎಳಾರರ ಯುದ್ಧವನ್ನು ಹೇಳುತ್ತಾರೆ. ಅದೇ ಗ್ರಂಥದಲ್ಲಿ ಗೆದ್ದ ದುಟ್ಟಗಾಮಣಿ ಸತ್ತ ತಮಿಳು ರಾಜನಿಗೆ ಸ್ಮಾರಕ ಕಟ್ಟಿಸಿ, ಅದರ ಮುಂದೆ ಹಾದುಹೋಗುವವರು ಗೌರವ ತೋರಬೇಕೆಂದು ಆಜ್ಞೆ ಮಾಡಿದ ಸಂಗತಿಯೂ ಇದೆ. ಅದನ್ನು ಹೇಳುವವರು ಕಡಿಮೆ. ಕ್ಯಾಂಡಿಯ ಸಿಂಹಾಸನದಲ್ಲಿ 1739ರಿಂದ 1815ರವರೆಗೆ ಕೂತು ಬುದ್ಧನ ದಂತಧಾತುವನ್ನು ಕಾಪಾಡಿದವರು ದಕ್ಷಿಣ ಭಾರತ ಮೂಲದ ನಾಯಕ್ಕರ್ ಅರಸರು. ಕತರಗಾಮದ ಮುರುಗನ ಗುಡಿಗೆ ಇಂದಿಗೂ ಎರಡೂ ಸಮುದಾಯದವರು ಹರಕೆ ಹೊತ್ತು ಹೋಗುತ್ತಾರೆ. ತಮಿಳರ ಕಣ್ಣಗಿ ಸಿಂಹಳೀಯರಿಗೆ ಪತ್ತಿನಿ ದೇವಿ. ಏಪ್ರಿಲ್ ನಡುವಿನ ಹೊಸವರ್ಷದ ಹಬ್ಬ ಇಬ್ಬರಿಗೂ ಒಂದೇ.

ಈ ಉಪನ್ಯಾಸದ ವಾದ ಇಷ್ಟೇ: ಶ್ರೀಲಂಕಾದ ಹಗೆಗೆ ವಯಸ್ಸು ಹೆಚ್ಚಿಲ್ಲ. ಅದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂಬುದನ್ನು ತಾರೀಖು ಸಮೇತ ತೋರಿಸಬಹುದು. ಅಲ್ಲಿ ಎರಡೂ ಕಡೆಯ ನಾಯಕರು ಎದುರುಬದುರು ಕೂತು ಮಾತಾಡಿದ್ದಾರೆ, ಒಪ್ಪಿದ್ದಾರೆ, ರುಜು ಹಾಕಿದ್ದಾರೆ. ಆಮೇಲೆ ಅಧಿಕಾರದಲ್ಲಿದ್ದವರು ತಮ್ಮದೇ ಸಮುದಾಯದೊಳಗಿನ ಎದುರಾಳಿಗೆ ಹೆದರಿ ಆ ಕಾಗದವನ್ನು ಹರಿದಿದ್ದಾರೆ. ಪ್ರತಿ ಸಲ ಕಾಗದ ಹರಿದಾಗಲೂ ಮಾತುಕತೆಯಲ್ಲಿ ನಂಬಿಕೆ ಇಟ್ಟಿದ್ದ ಒಂದು ತಲೆಮಾರು ಸೋತಿದೆ, ಬಂದೂಕು ಹಿಡಿಯುವವರ ವಾದ ಗೆದ್ದಿದೆ.

ಮೊದಲು ಅಲ್ಲಿ ಯಾರು ಯಾರಿದ್ದಾರೆ ಎಂಬುದು ಸ್ಪಷ್ಟವಾಗಬೇಕು. 2012ರ ಜನಗಣತಿಯಲ್ಲಿ ದ್ವೀಪದ ಜನಸಂಖ್ಯೆ 2 ಕೋಟಿ 3 ಲಕ್ಷ. ಅದರಲ್ಲಿ ಸಿಂಹಳೀಯರು ಸುಮಾರು ಶೇ. 75, ಶ್ರೀಲಂಕಾ ತಮಿಳರು ಶೇ. 11, ಮುಸ್ಲಿಮರು ಶೇ. 9ಕ್ಕಿಂತ ಸ್ವಲ್ಪ ಹೆಚ್ಚು, ಭಾರತೀಯ ಮೂಲದ ತಮಿಳರು ಶೇ. 4. ಮುಸ್ಲಿಮರಲ್ಲಿ ಬಹುಪಾಲು ಜನರ ಮನೆಮಾತು ತಮಿಳು. ಆದರೂ ಅವರು ತಮ್ಮನ್ನು ತಮಿಳರೆಂದು ಕರೆದುಕೊಳ್ಳುವುದಿಲ್ಲ. ಉತ್ತರದ ಜಾಫ್ನಾ, ಪೂರ್ವದ ಬಟ್ಟಿಕಲೋವಾ ಮತ್ತು ಟ್ರಿಂಕೋಮಲಿಯ ತಮಿಳರು ಶತಮಾನಗಳಿಂದ ಅಲ್ಲಿಯವರು. ಮಧ್ಯದ ಬೆಟ್ಟಸೀಮೆಯ ತಮಿಳರನ್ನು ಬ್ರಿಟಿಷರು 19ನೇ ಶತಮಾನದಲ್ಲಿ ಕಾಫಿ ಮತ್ತು ಚಹಾ ತೋಟಗಳ ಕೂಲಿಗೆಂದು ತಮಿಳುನಾಡಿನ ಬರಪೀಡಿತ ಹಳ್ಳಿಗಳಿಂದ ಕರೆತಂದರು. ತಲೈಮನ್ನಾರಿನಲ್ಲಿ ದೋಣಿ ಇಳಿದು, ಕಾಡು ಹಾದು, ಮಾತಲೆಯವರೆಗೆ ನಡೆದ ಆ ದಾರಿಯಲ್ಲಿ ಕಾಲರಾ ಮತ್ತು ಹಸಿವಿನಿಂದ ಸತ್ತವರ ಲೆಕ್ಕ ಯಾರ ಬಳಿಯೂ ಇಲ್ಲ.

ಸಿಂಹಳೀಯರ ಅಳಲನ್ನೂ ಪ್ರಾಮಾಣಿಕವಾಗಿ ಕೇಳಿಸಿಕೊಳ್ಳಬೇಕು. ಅಮೆರಿಕನ್ ಮಿಷನರಿಗಳು 19ನೇ ಶತಮಾನದ ಆರಂಭದಲ್ಲೇ ಜಾಫ್ನಾದಲ್ಲಿ ಒಳ್ಳೆಯ ಇಂಗ್ಲಿಷ್ ಶಾಲೆಗಳನ್ನು ತೆರೆದಿದ್ದರು. ಒಣಭೂಮಿಯ ಜಾಫ್ನಾದಲ್ಲಿ ಬೇಸಾಯದಿಂದ ಬದುಕು ನಡೆಯುವಂತಿರಲಿಲ್ಲ, ಓದು ಮತ್ತು ಸರ್ಕಾರಿ ನೌಕರಿಯೇ ಗತಿ. ಹೀಗಾಗಿ ಗುಮಾಸ್ತಿಕೆ, ವೈದ್ಯಕೀಯ, ಎಂಜಿನಿಯರಿಂಗ್ ಕ್ಷೇತ್ರಗಳಲ್ಲಿ ತಮಿಳರ ಪಾಲು ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಯಿತು. ಹಳ್ಳಿಯ ಶಾಲೆಯಲ್ಲಿ ಸಿಂಹಳದಲ್ಲಿ ಓದಿದ ರೈತನ ಮಗನಿಗೆ ಕಚೇರಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಇದರ ಜತೆಗೆ ಇನ್ನೊಂದು ಭಯವೂ ಇತ್ತು. ಸಿಂಹಳ ಭಾಷೆಗೆ ಜಗತ್ತಿನಲ್ಲಿ ಆ ದ್ವೀಪ ಬಿಟ್ಟರೆ ಬೇರೆ ನೆಲೆ ಇಲ್ಲ. ಪಾಕ್ ಜಲಸಂಧಿಯ ಆಚೆ ಮಾತ್ರ ಕೋಟಿಗಟ್ಟಲೆ ತಮಿಳರು. ಅಭದ್ರತೆಯ ಈ ಭಾವನೆ ಸುಳ್ಳಲ್ಲ. ಅದನ್ನು ಓಟಾಗಿ ಮಾರಿಕೊಂಡವರ ಮೇಲೆ ತಕರಾರು ಇರಬೇಕೇ ಹೊರತು ಆ ಭಾವನೆಯ ಮೇಲಲ್ಲ.

ಈ ಕತೆಯ ನಡುವೆ ನಿಂತಿರುವ ವ್ಯಕ್ತಿ ಎಸ್. ಡಬ್ಲ್ಯೂ. ಆರ್. ಡಿ. ಬಂಡಾರನಾಯಕೆ. ಶ್ರೀಮಂತ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, 1925ರಲ್ಲಿ ಊರಿಗೆ ಮರಳಿ, ಬೌದ್ಧಧರ್ಮ ಸ್ವೀಕರಿಸಿದವರು. 1926ರಲ್ಲಿ ಅವರು ಸಿಲೋನಿಗೆ ಒಕ್ಕೂಟ ವ್ಯವಸ್ಥೆಯೇ ಸೂಕ್ತವೆಂದು ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು, ಜಾಫ್ನಾಕ್ಕೆ ಹೋಗಿ ಅದನ್ನೇ ಭಾಷಣದಲ್ಲಿ ಪ್ರತಿಪಾದಿಸಿದರು. ಕೆಲಕಾಲದ ನಂತರ ಬ್ರಿಟಿಷರ ಡೊನೊಮೋರ್ ಆಯೋಗದ ಮುಂದೆ ಒಕ್ಕೂಟ ಬೇಡಿದ್ದೂ ಕ್ಯಾಂಡಿಯ ಸಿಂಹಳೀಯರೇ. ಆಗ ತಮಿಳು ನಾಯಕರಿಗೆ ಅದು ಬೇಕಿರಲಿಲ್ಲ. ಒಕ್ಕೂಟವೆಂದರೆ ದೇಶ ಒಡೆಯುವ ತಮಿಳರ ಸಂಚು ಎಂದು ಇಂದು ಕೊಲಂಬೊದಲ್ಲಿ ಕೂಗುವವರು ಈ ಪುಟವನ್ನು ಓದಬೇಕು.

ಆ ಕಾಲದಲ್ಲಿ ಸಿಂಹಳ–ತಮಿಳು ಗೆರೆಯನ್ನು ದಾಟಿ ನಿಂತ ಇನ್ನೊಂದು ಶಕ್ತಿಯೂ ಇತ್ತು. 1935ರಲ್ಲಿ ಹುಟ್ಟಿದ ಲಂಕಾ ಸಮ ಸಮಾಜ ಪಕ್ಷದ ನಾಯಕರು ಬಹುಪಾಲು ಸಿಂಹಳೀಯರು. ಅವರು ಸಂಘಟಿಸಲು ಹೊರಟದ್ದು ಬೆಟ್ಟದ ತಮಿಳು ಕೂಲಿಗಳನ್ನು. 1937ರ ಏಪ್ರಿಲ್ 3ರಂದು ನಾವಲಪಿಟಿಯದಲ್ಲಿ ಆ ಪಕ್ಷ ನಡೆಸಿದ ಸಭೆಯಲ್ಲಿ ಭಾಷಣ ಮಾಡಲು ಬಂದಿದ್ದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಅದೇ ವೇದಿಕೆಯಲ್ಲಿ ಬ್ರೇಸ್‌ಗರ್ಡಲ್ ಎಂಬ ಬಿಳಿಯ ಯುವಕ ಎದ್ದು ನಿಂತು ತೋಟದ ದೊರೆಗಳ ದಬ್ಬಾಳಿಕೆಯನ್ನು ಬಯಲು ಮಾಡಿದ. ಸರ್ಕಾರ ಅವನನ್ನು ಗಡೀಪಾರು ಮಾಡಲು ಹೊರಟಾಗ ನ್ಯಾಯಾಲಯ ತಡೆಯಿತು. ಸಿಂಹಳ ನಾಯಕ, ತಮಿಳು ಕೂಲಿ, ಕನ್ನಡ ಕರಾವಳಿಯ ಹೋರಾಟಗಾರ್ತಿ, ಆಸ್ಟ್ರೇಲಿಯಾದಿಂದ ಬಂದ ಹುಡುಗ – ಇಷ್ಟೂ ಜನ ಒಂದೇ ವೇದಿಕೆಯಲ್ಲಿ ಕೂಡಿದ್ದರು.

ಈ ಕೂಟವೇ ಮುಂದೆ ಕೂಲಿಗಳಿಗೆ ಮುಳುವಾಯಿತು. 1947ರ ಚುನಾವಣೆಯಲ್ಲಿ ಬೆಟ್ಟದ ತಮಿಳರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ 7 ಸ್ಥಾನ ಗೆದ್ದಿತು. ಇನ್ನೂ ಹಲವು ಕ್ಷೇತ್ರಗಳಲ್ಲಿ ಕೂಲಿಗಳ ಓಟು ಎಡಪಕ್ಷಗಳ ಕೈಹಿಡಿಯಿತು. ಸೇನಾನಾಯಕೆ ಸರ್ಕಾರಕ್ಕೆ ಅದು ಸಹಿಸಲಾಗಲಿಲ್ಲ. 1948ರ ಪೌರತ್ವ ಕಾಯ್ದೆ ಪ್ರಜೆಯಾಗಲು ತಂದೆ ಅಥವಾ ಅಜ್ಜ-ಮುತ್ತಜ್ಜ ದ್ವೀಪದಲ್ಲೇ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ತೋಟಗಳ ಲೈನ್‌ಮನೆಗಳಲ್ಲಿ ಹುಟ್ಟಿದವರಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಮರುವರ್ಷ ಮತದಾನದ ಹಕ್ಕೂ ಹೋಯಿತು. ಸುಮಾರು 7 ಲಕ್ಷ ಜನ ಹುಟ್ಟಿದ ನೆಲದಲ್ಲೇ ಯಾವ ದೇಶಕ್ಕೂ ಸೇರದವರಾದರು. ನೋವಿನ ಸಂಗತಿಯೆಂದರೆ ಜಾಫ್ನಾದ ಪ್ರಮುಖ ತಮಿಳು ನಾಯಕ ಜಿ. ಜಿ. ಪೊನ್ನಂಬಲಂ ಆಗ ಸರ್ಕಾರ ಸೇರಿ ಮಂತ್ರಿಯಾದರು. ಅವರನ್ನು ಬಿಟ್ಟು ಹೊರಬಂದ ಎಸ್. ಜೆ. ವಿ. ಚೆಲ್ವನಾಯಕಂ, ಇಂದು ಬೆಟ್ಟದ ತಮಿಳರಿಗೆ ಆದದ್ದು ನಾಳೆ ಭಾಷೆಯ ಪ್ರಶ್ನೆ ಬಂದಾಗ ನಮಗೂ ಆಗುತ್ತದೆ ಎಂದು ಸಂಸತ್ತಿನಲ್ಲಿ ಎಚ್ಚರಿಸಿದರು. 1949ರ ಡಿಸೆಂಬರಿನಲ್ಲಿ ಅವರು ಫೆಡರಲ್ ಪಕ್ಷ ಕಟ್ಟಿದರು. ಕ್ರೈಸ್ತರಾಗಿದ್ದ ಈ ಮೃದುಮಾತಿನ ವಕೀಲರನ್ನು ಹಿಂದೂ ತಮಿಳರು 'ತಂದೈ ಚೆಲ್ವಾ' ಎಂದು, ತಂದೆಯ ಸ್ಥಾನದಲ್ಲಿಟ್ಟು ಕರೆದರು.

ಬೆಟ್ಟದ ಜನರ ಹಣೆಬರಹವನ್ನು ಮುಂದೆ ಎರಡು ಸರ್ಕಾರಗಳು ಮೇಜಿನ ಮೇಲೆ ಹಂಚಿಕೊಂಡವು. 1964ರ ಅಕ್ಟೋಬರ್ 30ರಂದು ಎರಡೂ ದೇಶಗಳ ಪ್ರಧಾನಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಹಾಕಿದ ಸಹಿಯಿಂದ 9 ಲಕ್ಷ 75 ಸಾವಿರ ಜನರ ಭವಿಷ್ಯ ನಿರ್ಧಾರವಾಯಿತು: 5 ಲಕ್ಷ 25 ಸಾವಿರ ಭಾರತಕ್ಕೆ, 3 ಲಕ್ಷ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ತೀರ್ಮಾನ ಆಮೇಲೆ. 1974ರಲ್ಲಿ ಆ ಉಳಿದವರನ್ನೂ ಅರ್ಧರ್ಧ ಹಂಚಿದರು. ಆ ಜನರನ್ನು ಯಾರೂ ಕೇಳಲಿಲ್ಲ. ಅಕ್ಕ ಒಂದು ದೇಶಕ್ಕೆ, ತಮ್ಮ ಇನ್ನೊಂದು ದೇಶಕ್ಕೆ ಸೇರಿದ ಸಂಸಾರಗಳಿಗೆ ಲೆಕ್ಕವಿಲ್ಲ.

ಹಾಗೆ ಬಂದವರಲ್ಲಿ ಕೆಲವರು ಕರ್ನಾಟಕದವರೇ ಆಗಿದ್ದಾರೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸುತ್ತಿನಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಮುಂಜಾನೆಯೇ ಟ್ಯಾಪಿಂಗ್‌ಗೆ ಹೊರಡುವ ತಮಿಳು ಕಾರ್ಮಿಕರ ಹಿರಿಯರು ಈ ಒಪ್ಪಂದದಿಂದಾಗಿ ಸಮುದ್ರ ದಾಟಿದವರು. ಆ ಕಾಲನಿಗಳ ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡುತ್ತಾರೆ. ಜಾತಿ ಪ್ರಮಾಣಪತ್ರದಂಥ ಸಣ್ಣ ಕಾಗದಕ್ಕೂ ಅವರು ವರ್ಷಗಟ್ಟಲೆ ಅಲೆಯಬೇಕಾಯಿತು. ಕನ್ನಡ ನಾಡಿನೊಳಗೆ ಬದುಕುತ್ತಿರುವ ಈ ಇತಿಹಾಸವನ್ನು ಕನ್ನಡದಲ್ಲಿ ಇನ್ನೂ ಸಾಕಷ್ಟು ಬರೆದಿಲ್ಲ. ಈ ದತ್ತಿಯ ಸಭೆಯಲ್ಲಿ ಕೂತ ಯುವ ಸಂಶೋಧಕರಲ್ಲಿ ಯಾರಾದರೂ ಆ ಕಾಲನಿಗಳ ಹಿರಿಯರ ಮಾತನ್ನು, ಅವರು ಇರುವಾಗಲೇ, ದಾಖಲಿಸಬೇಕು. ಬೆಟ್ಟದಲ್ಲೇ ಉಳಿದವರ ಪೌರತ್ವದ ಪ್ರಶ್ನೆ ಬಗೆಹರಿದದ್ದು 2003ರ ಕಾಯ್ದೆಯಲ್ಲಿ. ಅಷ್ಟರಲ್ಲಿ ಅರ್ಧ ಶತಮಾನವೇ ಕಳೆದಿತ್ತು.

ಇನ್ನು ಭಾಷೆಯ ವಿಷಯ. ಬಂಡಾರನಾಯಕೆ 1956ರ ಚುನಾವಣೆಗೆ ಇಳಿದದ್ದು ಅಧಿಕಾರಕ್ಕೆ ಬಂದರೆ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುತ್ತೇನೆ ಎಂಬ ಮಾತಿನೊಂದಿಗೆ. ಹಳ್ಳಿಯ ಉಪಾಧ್ಯಾಯರು, ಆಯುರ್ವೇದ ವೈದ್ಯರು, ಭಿಕ್ಷುಗಳು ಅವರ ಬೆನ್ನಿಗೆ ನಿಂತರು, ದೊಡ್ಡ ಗೆಲುವು ಸಿಕ್ಕಿತು. ಜೂನ್ 5ರಂದು ಮಸೂದೆ ಸಂಸತ್ತಿಗೆ ಬಂದ ದಿನ ಚೆಲ್ವನಾಯಕಂ ಮತ್ತು ಸಂಗಡಿಗರು ಸಂಸತ್ತಿನ ಪಕ್ಕದ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತರು. ಗಾಂಧೀಜಿ 1927ರಲ್ಲಿ ಜಾಫ್ನಾಕ್ಕೆ ಬಂದುಹೋದ ನೆನಪು ಆ ತಲೆಮಾರಿಗೆ ಇತ್ತು. ಗುಂಪೊಂದು ನುಗ್ಗಿ ಅವರನ್ನು ಬಡಿಯಿತು; ಪೊಲೀಸರು ನೋಡುತ್ತ ನಿಂತರು. ಯುವ ಸಂಸದ ಅಮೃತಲಿಂಗಂ ತಲೆಗೆ ಬ್ಯಾಂಡೇಜು ಕಟ್ಟಿಕೊಂಡೇ ಸದನದೊಳಗೆ ಬಂದರು. ಗಲಭೆ ಪೂರ್ವದ ಗಲ್ ಓಯಾ ಕಣಿವೆಗೂ ಹಬ್ಬಿತು. ಸಮ ಸಮಾಜ ಪಕ್ಷದ ಕಾಲ್ವಿನ್ ಆರ್. ಡಿ ಸಿಲ್ವ, ಎರಡು ಭಾಷೆಗಳನ್ನು ಒಪ್ಪಿದರೆ ದೇಶ ಒಂದಾಗಿರುತ್ತದೆ, ಒಂದೇ ಭಾಷೆ ಎಂದರೆ ದೇಶ ಎರಡಾಗುತ್ತದೆ ಎಂದು ಎಚ್ಚರಿಸಿದ್ದು ಈ ವಿವಾದದಲ್ಲೇ.

ಮಸೂದೆ ಪಾಸಾದ ಮೇಲೆ ಬಂಡಾರನಾಯಕೆಗೆ ತಾವು ಏನು ಮಾಡಿದ್ದೇವೆಂಬುದು ತಿಳಿದಿತ್ತು. ಅದಕ್ಕೆ ಸಾಕ್ಷಿ 1957ರ ಜುಲೈ 26ರ ಬಂಡಾರನಾಯಕೆ–ಚೆಲ್ವನಾಯಕಂ ಒಪ್ಪಂದ. ಈಗ ಓದಿದರೆ ಅದರ ವಿವೇಕ ಬೆರಗು ಹುಟ್ಟಿಸುತ್ತದೆ. ಸಿಂಹಳ ಆಡಳಿತ ಭಾಷೆಯಾಗಿಯೇ ಇರುತ್ತದೆ; ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಆಡಳಿತ ತಮಿಳಿನಲ್ಲಿ ನಡೆಯುತ್ತದೆ. ಪ್ರಾದೇಶಿಕ ಮಂಡಳಿಗಳಿಗೆ ಕೃಷಿ, ಶಿಕ್ಷಣ, ಆರೋಗ್ಯ, ಮೀನುಗಾರಿಕೆ, ರಸ್ತೆಗಳ ಜತೆಗೆ ಜಮೀನು ಮತ್ತು ಹೊಸ ವಸಾಹತುಗಳ ಅಧಿಕಾರವೂ ಸಿಗುತ್ತದೆ. ಬೆಟ್ಟದ ತಮಿಳರ ಪೌರತ್ವವನ್ನು ಪರಿಶೀಲಿಸಲಾಗುತ್ತದೆ. ಚೆಲ್ವನಾಯಕಂ ಕೂಡ ಒಕ್ಕೂಟದ ಪೂರ್ಣ ಬೇಡಿಕೆಯಿಂದ ಹಿಂದೆ ಸರಿದು, ಗೊತ್ತುಮಾಡಿದ್ದ ಸತ್ಯಾಗ್ರಹವನ್ನು ಕೈಬಿಟ್ಟರು. ಇಬ್ಬರೂ ಒಂದೊಂದು ಹೆಜ್ಜೆ ಇಳಿದು ಬಂದು ಕೈಕುಲುಕಿದ್ದರು.

ವಿರೋಧ ಪಕ್ಷವಾದ ಯು.ಎನ್.ಪಿ.ಗೆ ಇದು ಅಧಿಕಾರಕ್ಕೆ ಮರಳುವ ಮೆಟ್ಟಿಲಾಗಿ ಕಂಡಿತು. ಅಕ್ಟೋಬರಿನಲ್ಲಿ ಜೆ. ಆರ್. ಜಯವರ್ಧನೆ ಒಪ್ಪಂದದ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1944ರಲ್ಲಿ ಇದೇ ಜಯವರ್ಧನೆ ಸಿಂಹಳ ಆಡಳಿತ ಭಾಷೆಯ ಗೊತ್ತುವಳಿ ಮಂಡಿಸಿ, ತಮಿಳನ್ನೂ ಸೇರಿಸುವ ತಿದ್ದುಪಡಿಗೆ ಒಪ್ಪಿದ್ದರು. ಯಾತ್ರೆ ಇಂಬುಲ್‌ಗೊಡದಲ್ಲಿ ತಡೆದು ನಿಂತರೂ ವಿಷ ಹರಡಿತು. ವಾಹನಗಳ ನಂಬರ್ ಪ್ಲೇಟಿನ ಮೇಲೆ ಸಿಂಹಳ ಲಿಪಿಯ 'ಶ್ರೀ' ಕಡ್ಡಾಯವಾದಾಗ ಉತ್ತರದಲ್ಲಿ ಅದಕ್ಕೆ ಡಾಂಬರು ಬಳಿದರು. ದಕ್ಷಿಣದಲ್ಲಿ ತಮಿಳು ಬೋರ್ಡುಗಳಿಗೆ ಡಾಂಬರು ಬಿತ್ತು. 1958ರ ಏಪ್ರಿಲ್ 9ರಂದು ಭಿಕ್ಷುಗಳು ಪ್ರಧಾನಿಯ ಕೊಲಂಬೊ ಮನೆಯ ಮುಂದೆ ಕೂತು, ಒಪ್ಪಂದ ರದ್ದಾಯಿತೆಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಬೇಕು ಎಂದು ಪಟ್ಟುಹಿಡಿದರು. ಬಂಡಾರನಾಯಕೆ ಬರೆದುಕೊಟ್ಟರು.

ಮುಂದಿನ ತಿಂಗಳೇ ದ್ವೀಪ ಉರಿಯಿತು. ರೈಲುಗಳನ್ನು ನಿಲ್ಲಿಸಿ ತಮಿಳರನ್ನು ಹುಡುಕಿ ಹೊಡೆದರು, ನೂರಾರು ಜನ ಸತ್ತರು, ಸಾವಿರಾರು ಸಂಸಾರಗಳನ್ನು ಹಡಗಿನಲ್ಲಿ ಜಾಫ್ನಾಕ್ಕೆ ಸಾಗಿಸಬೇಕಾಯಿತು. ಜಾಫ್ನಾ ಕಡೆಯಲ್ಲಿ ಸಿಂಹಳೀಯರ ಮೇಲೂ ದಾಳಿ ನಡೆಯಿತು. ಆ ವರ್ಷವೇ ಸರ್ಕಾರ ತಮಿಳು ಭಾಷೆಗೆ ಒಂದಿಷ್ಟು ಸ್ಥಾನ ಕೊಡುವ ಕಾಯ್ದೆ ಮಾಡಿತು. ಅದು ಪಾಸಾದಾಗ ಫೆಡರಲ್ ಪಕ್ಷದ ಸಂಸದರು ಬಂಧನದಲ್ಲಿದ್ದರು. 1959ರ ಸೆಪ್ಟೆಂಬರ್ 25ರಂದು ಬಂಡಾರನಾಯಕೆಯವರಿಗೆ ಅವರ ಮನೆಯ ವರಾಂಡದಲ್ಲೇ ಭಿಕ್ಷುವೊಬ್ಬ ಗುಂಡು ಹೊಡೆದ. ಮರುದಿನ ಅವರು ತೀರಿಕೊಂಡರು.

ಪಾತ್ರಗಳು ಅದಲುಬದಲಾಗಿ ಇದೇ ನಾಟಕ ಮತ್ತೆ ನಡೆಯಿತು. 1965ರ ಮಾರ್ಚ್ 24ರಂದು ಚೆಲ್ವನಾಯಕಂ ಯು.ಎನ್.ಪಿ.ಯ ಡಡ್ಲಿ ಸೇನಾನಾಯಕೆ ಜತೆ ಜಿಲ್ಲಾ ಮಂಡಳಿಗಳ ಒಪ್ಪಂದ ಮಾಡಿಕೊಂಡರು. ಈ ಸಲ ವಿರೋಧಿಸಿದವರು ಬಂಡಾರನಾಯಕೆಯ ಪಕ್ಷದವರು. ಅವರ ಜತೆ ಸೇರಿ, ಡಡ್ಲಿಯ ಹೊಟ್ಟೆಯೊಳಗೆ ತಮಿಳರ ಮಸಾಲೆ ವಡೆ ಇದೆ ಎಂಬ ಘೋಷಣೆ ಕೂಗಿದವರು ಎಡಪಕ್ಷಗಳವರು. ಕೂಲಿಗಳ ಕೈಹಿಡಿದು ನಾವಲಪಿಟಿಯದಲ್ಲಿ ನಿಂತಿದ್ದ ಪಕ್ಷವೂ ಆ ಮೆರವಣಿಗೆಯಲ್ಲಿತ್ತು. ಮೂರು ವರ್ಷ ಕಾದು ಡಡ್ಲಿ ಮಸೂದೆಯನ್ನು ಕೈಬಿಟ್ಟರು. 1972ರ ಹೊಸ ಸಂವಿಧಾನ ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು, ಸಿಂಹಳದ ಏಕೈಕ ಸ್ಥಾನವನ್ನು ಗಟ್ಟಿಮಾಡಿತು, ಅಲ್ಪಸಂಖ್ಯಾತರ ರಕ್ಷಣೆಗೆಂದು ಹಳೆಯ ಸಂವಿಧಾನದಲ್ಲಿದ್ದ 29ನೇ ವಿಧಿಯನ್ನು ತೆಗೆದುಹಾಕಿತು. ಅದನ್ನು ರೂಪಿಸಿದ ಮಂತ್ರಿ ಕಾಲ್ವಿನ್ ಆರ್. ಡಿ ಸಿಲ್ವ. 1956ರ ಅವರ ಎಚ್ಚರಿಕೆಯನ್ನು ಬಾಯಿಪಾಠ ಮಾಡಿದ್ದ ತಮಿಳು ಯುವಕರಿಗೆ ಇದು ಆಳವಾದ ಗಾಯ.

ಸಾಮಾನ್ಯ ಮನುಷ್ಯನ ಬದುಕಿನಲ್ಲಿ ಈ ಕಾಯ್ದೆಗಳ ಅರ್ಥವೇನಿತ್ತು ಎಂಬುದಕ್ಕೆ ಕೋಡೀಶ್ವರನ್ ಎಂಬ ಸರ್ಕಾರಿ ಗುಮಾಸ್ತರ ಮೊಕದ್ದಮೆ ನೋಡಬೇಕು. ಸಿಂಹಳ ಪರೀಕ್ಷೆಗೆ ಕೂರಲಿಲ್ಲವೆಂದು 1962ರಲ್ಲಿ ಅವರ ವಾರ್ಷಿಕ ವೇತನ ಬಡ್ತಿ ತಡೆದರು. ಅವರು ನ್ಯಾಯಾಲಯಕ್ಕೆ ಹೋದರು. 1964ರಲ್ಲಿ ಕೊಲಂಬೊ ಜಿಲ್ಲಾ ನ್ಯಾಯಾಧೀಶ ಡಿ ಕ್ರೆಟ್ಸರ್, ಸಿಂಹಳ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟರು. ಸರ್ಕಾರಿ ನೌಕರ ಸಂಬಳಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿತು. 1969ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಹೂಡಬಹುದು ಎಂದು ಮೊಕದ್ದಮೆಯನ್ನು ವಾಪಸು ಕಳಿಸಿತು. ಮೂಲ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿ ಹೋಗುವ ದಾರಿಯನ್ನೇ ಸರ್ಕಾರ ಮುಚ್ಚಿತು, ಸಂವಿಧಾನವನ್ನೇ ಬದಲಿಸಿತು.

ಅಪ್ಪಂದಿರ ನೌಕರಿಯ ನಂತರ ಮಕ್ಕಳ ಕಾಲೇಜಿನ ಸರದಿ. 1971ರ ಪ್ರವೇಶದಲ್ಲಿ ಪೆರಾದೆನಿಯದ ಎಂಜಿನಿಯರಿಂಗ್ ಸೀಟಿಗೆ ಸಿಂಹಳ ಮಾಧ್ಯಮದವರಿಗೆ 227 ಅಂಕ ಸಾಕು, ತಮಿಳು ಮಾಧ್ಯಮದವರಿಗೆ 250 ಬೇಕು ಎಂದಾಯಿತು. ಪ್ರಯೋಗಾಲಯವಿಲ್ಲದ ಹಳ್ಳಿಶಾಲೆಯ ಮಕ್ಕಳಿಗೆ ದಾರಿ ಮಾಡಿಕೊಡಬೇಕೆಂಬುದು ನ್ಯಾಯವೇ. ಮುಂದೆ ಜಾರಿಗೆ ಬಂದ ಜಿಲ್ಲಾವಾರು ಮೀಸಲಿನಿಂದ ಹಿಂದುಳಿದ ತಮಿಳು ಜಿಲ್ಲೆಗಳಿಗೂ ಅನುಕೂಲವಾಯಿತು. ಆದರೆ ಪರೀಕ್ಷೆ ಬರೆದ ಭಾಷೆಯನ್ನು ನೋಡಿ ಅಂಕದ ಗೆರೆ ಎಳೆದಾಗ ಜಾಫ್ನಾದ ಹದಿನೆಂಟರ ಹುಡುಗನಿಗೆ ಸಿಕ್ಕ ಸಂದೇಶ ಒಂದೇ: ಈ ದೇಶ ನಿನ್ನದಲ್ಲ. 1975ರಲ್ಲಿ ಜಾಫ್ನಾದ ತಮಿಳು ಮೇಯರ್ ಆಲ್ಫ್ರೆಡ್ ದುರೈಯಪ್ಪ ಕೊಲೆಯಾದರು. ಕೊಂದವರಲ್ಲಿ ವೇಲುಪಿಳ್ಳೈ ಪ್ರಭಾಕರನ್ ಇದ್ದ. 1976ರ ಮೇ 14ರಂದು ವಡ್ಡುಕೋಟ್ಟೈಯಲ್ಲಿ ಚೆಲ್ವನಾಯಕಂ ನೇತೃತ್ವದ ತಮಿಳು ಕೂಟ ಪ್ರತ್ಯೇಕ ದೇಶದ ಗೊತ್ತುವಳಿ ಅಂಗೀಕರಿಸಿತು. ಮುಂದಿನ ವರ್ಷ ಅವರು ತೀರಿಕೊಂಡರು.

1981ರ ಮೇ 31ರ ರಾತ್ರಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಜಿಲ್ಲಾ ಮಂಡಳಿ ಚುನಾವಣೆಯ ಹೊತ್ತು. ದಕ್ಷಿಣದಿಂದ ಕರೆತಂದಿದ್ದ ಪೊಲೀಸರು ಜಾಫ್ನಾ ಪೇಟೆಗೆ ಬೆಂಕಿ ಇಟ್ಟರು. ಆ ಬೆಂಕಿಯಲ್ಲಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯ ಸುಟ್ಟುಹೋಯಿತು. ಸುಮಾರು 97,000 ಪುಸ್ತಕಗಳು, ಜತೆಗೆ ಬೇರೆಲ್ಲೂ ಪ್ರತಿ ಇಲ್ಲದ ತಾಳೆಗರಿಗಳು ಬೂದಿಯಾದವು. 1930ರ ದಶಕದಲ್ಲಿ ಒಬ್ಬ ಪುಸ್ತಕಪ್ರೇಮಿ ತನ್ನ ಮನೆಯಲ್ಲೇ ಆರಂಭಿಸಿ, ಊರವರ ಚಂದಾದಿಂದ ಬೆಳೆದ ಸಂಸ್ಥೆ ಅದು. ಅದರ ಯೋಜನೆಗೆ ಸಲಹೆ ಕೊಟ್ಟವರು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್, ಬೆಂಗಳೂರಿನಲ್ಲಿ ದಾಖಲೀಕರಣ ತರಬೇತಿ ಕೇಂದ್ರ ಕಟ್ಟಿ ಕೊನೆಯವರೆಗೂ ಇಲ್ಲೇ ಬಾಳಿದವರು. ಅಂದು ಕೊಲಂಬೊದಿಂದ ಬಂದ ಮಂತ್ರಿಗಳು ಜಾಫ್ನಾದಲ್ಲೇ ಇದ್ದರು. ಈ ಕೃತ್ಯಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ.

1983ರ ಜುಲೈ 23ರಂದು ಪ್ರಭಾಕರನ್ ನೇತೃತ್ವದ ಬಂಡುಕೋರ ಸಂಘಟನೆಯಾದ ತಮಿಳು ಹುಲಿಗಳು ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದರು. ಶವಗಳನ್ನು ಕೊಲಂಬೊಗೆ ತಂದ ರಾತ್ರಿಯಿಂದ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ-ಅಂಗಡಿ ಹುಡುಕಿ ಸುಟ್ಟವು. ವೆಲಿಕಡ ಜೈಲಿನೊಳಗೇ 53 ತಮಿಳು ಕೈದಿಗಳ ಹತ್ಯೆಯಾಯಿತು. ಅಧ್ಯಕ್ಷ ಜಯವರ್ಧನೆ ಟಿ.ವಿ.ಯಲ್ಲಿ ಮಾತಾಡಲು ದಿನಗಳೇ ಬೇಕಾದವು. ಮಾತಾಡಿದಾಗ ತಮಿಳರಿಗೆ ಒಂದು ಸಾಂತ್ವನದ ಮಾತೂ ಇರಲಿಲ್ಲ. ಸತ್ತವರು ಸಾವಿರಕ್ಕೂ ಹೆಚ್ಚೆಂಬ ಅಂದಾಜುಗಳಿವೆ. ಜೀವ ಪಣಕ್ಕಿಟ್ಟು ನೆರೆಯ ತಮಿಳರನ್ನು ಅಟ್ಟದಲ್ಲಿ, ಕೋಣೆಗಳಲ್ಲಿ ಬಚ್ಚಿಟ್ಟ ಸಿಂಹಳ ಸಂಸಾರಗಳೂ ಬಹಳ. ಬದುಕುಳಿದವರ ನೆನಪುಗಳಲ್ಲಿ ಆ ಮನೆಗಳ ಹೆಸರುಗಳಿವೆ.

ಆಮೇಲಿನ ಕಾಲು ಶತಮಾನದ ಯುದ್ಧದ ವಿವರ ಎಲ್ಲರಿಗೂ ತಿಳಿದದ್ದೇ. ಭಾರತ ಮೊದಲು ಬಂಡುಕೋರರಿಗೆ ತರಬೇತಿ ಕೊಟ್ಟಿತು, 1987ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಅವರ ಮೇಲೆಯೇ ಯುದ್ಧ ಮಾಡಿ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ರಾಜೀವ್ ಗಾಂಧಿ ಹತ್ಯೆಯ ಜಾಡು 1991ರ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ ಸಂಚುಕೋರ ಶಿವರಾಸನ್ ಮತ್ತು ಸಂಗಡಿಗರ ಶವಗಳೊಂದಿಗೆ ಮುಗಿಯಿತು.

ಹುಲಿಗಳು ತಮಿಳರಿಗೆ ಮಾಡಿದ್ದೇನು ಎಂಬುದನ್ನೂ ಮುಚ್ಚಿಡಬಾರದು. ಗಾಲ್ ಫೇಸಿನಲ್ಲಿ ತಲೆ ಒಡೆಸಿಕೊಂಡಿದ್ದ ಅಮೃತಲಿಂಗಂ ಅವರನ್ನು 1989ರಲ್ಲಿ ಕೊಂದವರು ಸಿಂಹಳೀಯರಲ್ಲ, ಹುಲಿಗಳು. ಅದೇ ವರ್ಷ ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾ ಪ್ರಾಧ್ಯಾಪಕಿ ರಜನಿ ತಿರಣಗಾಮ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಗುಂಡಿಗೆ ಬಲಿಯಾದರು. ಸೈನ್ಯ, ಭಾರತೀಯ ಪಡೆ, ಹುಲಿಗಳು ಎಲ್ಲರ ಅಪರಾಧಗಳನ್ನೂ ದಾಖಲಿಸಿದ ಈ ತಮಿಳು ಹೆಣ್ಣುಮಗಳ ಗಂಡ ಸಿಂಹಳೀಯ. 1990ರ ಅಕ್ಟೋಬರಿನಲ್ಲಿ ಹುಲಿಗಳು ಉತ್ತರದ 70,000ಕ್ಕೂ ಹೆಚ್ಚು ಮುಸ್ಲಿಮರನ್ನು ಊರುಬಿಡಿಸಿದರು. ಜಾಫ್ನಾದವರಿಗೆ ಸಿಕ್ಕದ್ದು ಕೇವಲ ಎರಡು ಗಂಟೆಯ ಗಡುವು. ಬಹುಸಂಖ್ಯಾತರಿಂದ ನೊಂದವರೇ ತಮ್ಮೊಳಗಿನ ಅಲ್ಪಸಂಖ್ಯಾತರನ್ನು ಹೀಗೆ ಓಡಿಸಿದರು. ಸಂವಿಧಾನದ ಕರಡು ಬರೆಯುತ್ತಿದ್ದ ನೀಲನ್ ತಿರುಚೆಲ್ವಂ 1999ರಲ್ಲಿ ಆತ್ಮಾಹುತಿ ಬಾಂಬಿಗೆ ಸಿಕ್ಕರು. ಅವರು ಕೈಜೋಡಿಸಿದ್ದ ಸಂವಿಧಾನದ ಕರಡನ್ನು ಬಂಡಾರನಾಯಕೆಯ ಮಗಳು, ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ 2000ದ ಆಗಸ್ಟಿನಲ್ಲಿ ಸಂಸತ್ತಿಗೆ ತಂದಾಗ ಯು.ಎನ್.ಪಿ. ಸಂಸದರು ಅದರ ಪ್ರತಿಗಳನ್ನು ಸದನದೊಳಗೇ ಸುಟ್ಟರು. ಅಪ್ಪ ಮಾಡಿಕೊಂಡ ಒಪ್ಪಂದ ಹರಿದುಹೋಗಿ ಆಗ 42 ವರ್ಷ.

2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಕಿರಿದಾದ ಮರಳು ದಂಡೆಯಲ್ಲಿ ಯುದ್ಧ ಮುಗಿಯಿತು. ಹುಲಿಗಳು ಜನರನ್ನು ಗುರಾಣಿಯಾಗಿ ಹಿಡಿದಿಟ್ಟರು, ಸೈನ್ಯ ಸುರಕ್ಷಿತ ವಲಯವೆಂದು ತಾನೇ ಸಾರಿದ ಜಾಗಕ್ಕೆ ಶೆಲ್ ಸುರಿಸಿತು. ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. 2017ರ ಫೆಬ್ರವರಿಯಿಂದ ಕಿಲಿನೊಚ್ಚಿಯ ರಸ್ತೆಬದಿಯಲ್ಲಿ ತಾಯಂದಿರು ಮಕ್ಕಳ ಫೋಟೊ ಹಿಡಿದು ಕೂತರು. ಶರಣಾದಾಗ ಕೈಯಾರೆ ಸೈನ್ಯಕ್ಕೆ ಒಪ್ಪಿಸಿದ ಮಕ್ಕಳು ಎಲ್ಲಿ ಎಂಬುದು ಅವರಲ್ಲಿ ಹಲವರ ಪ್ರಶ್ನೆ.

ಬದಲಾವಣೆಯ ಕುರುಹುಗಳೂ ಇವೆ. 2016ರ ಸ್ವಾತಂತ್ರ್ಯ ದಿನದಂದು ರಾಷ್ಟ್ರಗೀತೆಯನ್ನು ತಮಿಳಿನಲ್ಲೂ ಹಾಡಿದರು. 2020ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಾಗ ಬೇಸರಪಟ್ಟ ಸಿಂಹಳೀಯರೂ ಇದ್ದರು. 2022ರಲ್ಲಿ ಪೆಟ್ರೋಲು, ಔಷಧಿ, ಹಾಲಿನಪುಡಿಗೆ ಕ್ಯೂ ನಿಂತ ಜನ ಗಾಲ್ ಫೇಸಿನಲ್ಲಿ ಡೇರೆ ಹೂಡಿ ಅಧ್ಯಕ್ಷರನ್ನು ಓಡಿಸಿದರು. ಆ ಮೇ 18ರಂದು, ಮುಳ್ಳಿವಾಯ್ಕಾಲಿನಲ್ಲಿ ಜನ ಕೊನೆಯ ದಿನಗಳಲ್ಲಿ ಕುಡಿದು ಬದುಕಿದ್ದ ಉಪ್ಪಿನ ಗಂಜಿಯನ್ನು ಅದೇ ಮೈದಾನದಲ್ಲಿ ಹಂಚಿ, ಸಿಂಹಳ ಯುವಕರೂ ಭಿಕ್ಷುಗಳೂ ಸತ್ತ ತಮಿಳರನ್ನು ನೆನೆದರು. 1956ರಲ್ಲಿ ಸತ್ಯಾಗ್ರಹಿಗಳಿಗೆ ಏಟು ಬಿದ್ದ ಮೈದಾನ ಅದು.

2024ರ ನವೆಂಬರ್ ಚುನಾವಣೆಯಲ್ಲಿ ಅಧ್ಯಕ್ಷ ಅನುರ ಕುಮಾರ ದಿಸ್ಸಾನಾಯಕೆಯವರ ಎನ್.ಪಿ.ಪಿ. ಕೂಟ 225ರಲ್ಲಿ 159 ಸ್ಥಾನ ಪಡೆಯಿತು. ಜಾಫ್ನಾ ಜಿಲ್ಲೆಯ 6ರಲ್ಲಿ 3 ಸ್ಥಾನವೂ ಅದಕ್ಕೇ ಸಿಕ್ಕಿತು. ದಕ್ಷಿಣದ ಪಕ್ಷವೊಂದು ಅಲ್ಲಿ ಮೊದಲ ಸ್ಥಾನದಲ್ಲಿ ಗೆದ್ದದ್ದು ಇತಿಹಾಸದಲ್ಲೇ ಹೊಸದು. ಈ ಕೂಟದ ಬೆನ್ನೆಲುಬಾದ ಜೆ.ವಿ.ಪಿ. 1987ರ ಒಪ್ಪಂದವನ್ನು ರಕ್ತ ಹರಿಸಿ ವಿರೋಧಿಸಿತ್ತು. ಆ ಒಪ್ಪಂದದಂತೆ ಒಂದಾಗಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಬೇರ್ಪಡಿಸಿದ್ದೂ ಅದರ ಬೆಂಬಲಿಗರೇ. ಅದನ್ನೆಲ್ಲ ಬಲ್ಲ ತಮಿಳರು ಓಟು ಕೊಟ್ಟದ್ದರ ತೂಕವನ್ನು ಕೊಲಂಬೊ ಅರಿಯಬೇಕು. ಹಿಂದಿನ ಪ್ರಧಾನಿಗಳು ಎದುರಾಳಿ ಪಕ್ಷ ಸಿಂಹಳೀಯರನ್ನು ಎತ್ತಿಕಟ್ಟುತ್ತದೆ ಎಂಬ ಭಯ ತೋರಿಸಿ ಹಿಂದೆ ಸರಿದರು. ಮೂರನೇ ಎರಡಕ್ಕೂ ಮೀರಿದ ಬಹುಮತ ಇರುವ ಈ ಸರ್ಕಾರಕ್ಕೆ ಆ ನೆಪವಿಲ್ಲ. ಅದು ಮಾಡಬೇಕಾದ ಕೆಲಸಗಳಿಗೆ ಹೊಸ ಸಿದ್ಧಾಂತ ಬೇಕಿಲ್ಲ, ಅವೆಲ್ಲ 1957ರಿಂದ ಕಾಗದದ ಮೇಲೆ ಇವೆ. 13ನೇ ತಿದ್ದುಪಡಿ ತಮಿಳನ್ನು ಆಡಳಿತ ಭಾಷೆಯೆಂದು 1987ರಲ್ಲೇ ಒಪ್ಪಿದೆ. ಪೊಲೀಸ್ ಠಾಣೆಯಲ್ಲಿ ತಮಿಳಿನಲ್ಲಿ ದೂರು ಬರೆದುಕೊಳ್ಳುವ ಸಿಬ್ಬಂದಿ ಬೇಕು. ಸೈನ್ಯದ ವಶದಲ್ಲಿರುವ ರೈತರ ಜಮೀನು ವಾಪಸಾಗಬೇಕು. ಕಾಣೆಯಾದವರ ತಾಯಂದಿರಿಗೆ ಉತ್ತರ ಬೇಕು. ಉತ್ತರ ಪ್ರಾಂತ್ಯದ ಜನ ತಮ್ಮ ಮೊದಲ ಪ್ರಾಂತೀಯ ಮಂಡಳಿಯನ್ನು ಆರಿಸಿಕೊಂಡದ್ದು 2013ರಲ್ಲಿ; ಅದರ ಅವಧಿ 2018ರಲ್ಲಿ ಮುಗಿದ ಮೇಲೆ ಪ್ರಾಂತ್ಯದ ಆಡಳಿತ ಕೊಲಂಬೊ ನೇಮಿಸುವ ಗವರ್ನರ್ ಕೈಗೆ ಹೋಯಿತು. ಆ ಮಂಡಳಿಯ ಚುನಾವಣೆಯ ತಾರೀಖನ್ನು ಗೊತ್ತುಮಾಡುವುದರಿಂದ ಈ ಸರ್ಕಾರ ಕೆಲಸ ಶುರುಮಾಡಬಹುದು.